ವೇಳಾಪಟ್ಟಿಯ ಹಾರಾಟ, ಒಡೆಯನ ಹಾರಾಟ: ಎಡೆದೊರೆ ಸೀಮೆಯಿಂದ ಕಂಡ ಪೈಲಟ್ ವೃತ್ತಿ

ವಿಮಾನ ಹಾರಿಸುವ ವೃತ್ತಿಯಲ್ಲಿ ಮೊದಲಿನಿಂದಲೂ ಎರಡು ದಾರಿಗಳಿವೆ. ಟಿಕೆಟ್ ಕೊಂಡ ಯಾರನ್ನಾದರೂ ಗೊತ್ತುಪಡಿಸಿದ ವೇಳೆಗೆ ಗೊತ್ತುಪಡಿಸಿದ ಊರಿಗೆ ಒಯ್ಯುವ ಏರ್‌ಲೈನ್ ಸೇವೆ ಒಂದು. ಉದ್ಯಮಿಯೊಬ್ಬ, ಕಂಪನಿಯೊಂದು ಅಥವಾ ಸರ್ಕಾರವೇ ತನ್ನ ಅಗತ್ಯಕ್ಕೆಂದು ಇಟ್ಟುಕೊಂಡ ಅಥವಾ ಬಾಡಿಗೆಗೆ ಹಿಡಿದ ವಿಮಾನವನ್ನು ಅವರು ಕರೆದಾಗ, ಹೇಳಿದಲ್ಲಿಗೆ ಹಾರಿಸುವ ಕಾರ್ಪೊರೇಟ್ ಸೇವೆ ಇನ್ನೊಂದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮೊದಲನೆಯದನ್ನು ಷೆಡ್ಯೂಲ್ಡ್ ಸೇವೆಯೆಂದು ಕರೆಯುತ್ತದೆ. ಎರಡನೆಯದರಲ್ಲಿ ಬಾಡಿಗೆಗೆ ಹಾರುವುದನ್ನು ನಾನ್-ಷೆಡ್ಯೂಲ್ಡ್ ವರ್ಗದಲ್ಲೂ ಸ್ವಂತ ಬಳಕೆಯನ್ನು ಖಾಸಗಿ ವರ್ಗದಲ್ಲೂ ಇಡುತ್ತದೆ. ಪೈಲಟ್ ಆಗಬಯಸುವವರ ಮುಂದೆ ಇದನ್ನು ಸ್ವಭಾವದ ಮತ್ತು ಸಂಬಳದ ಪ್ರಶ್ನೆಯಾಗಿ ಇಡುವುದು ವಾಡಿಕೆಯಾದರೂ, ಕೃಷ್ಣಾ-ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನ ಕಡೆಯಿಂದ, ಅಂದರೆ ರಾಯಚೂರು, ದೇವದುರ್ಗ, ಮಾನ್ವಿಗಳಿರುವ ಸೀಮೆಯಿಂದ ನೋಡಿದರೆ, ರನ್‌ವೇ ಯಾರ ನೆಲದಲ್ಲಿದೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದೇ ಆ ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸಿದೆ.

ರಾಯಚೂರಿಗೆ ವೇಳಾಪಟ್ಟಿಯ ಶಿಸ್ತು ರೈಲಿನ ಮೂಲಕ ಬೇಗನೆ ಬಂತು. 1871ರಲ್ಲಿ ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯೂ ಇಲ್ಲಿಯೇ ಸಂಧಿಸಿದ್ದರಿಂದ, ನಿಜಾಮರ ಆಳ್ವಿಕೆಗೆ ಸೇರಿದ ಈ ಊರು ಎರಡು ಬ್ರಿಟಿಷ್ ಕಂಪನಿಗಳ ಮಾರ್ಗಗಳ ಕೂಡುನೆಲೆಯಾಯಿತು. ವಿಮಾನದ ವಿಷಯದಲ್ಲಿ ಹೀಗಾಗಲಿಲ್ಲ. 1932ರ ಅಕ್ಟೋಬರ್ 15ರಂದು ಟಾಟಾ ಸಂಸ್ಥೆಯ ಅಂಚೆ ವಿಮಾನ ಸೇವೆ ಆರಂಭವಾದಾಗ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನವನ್ನು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಕನ್ನಡ ನೆಲದಲ್ಲಿ ವೇಳಾಪಟ್ಟಿಯ ವಿಮಾನ ಮೊದಲು ಇಳಿದ ಊರುಗಳಲ್ಲಿ ಬಳ್ಳಾರಿ ಸೇರುವುದು ಹೀಗೆ. ಆದರೆ ಕೆಲವೇ ವರ್ಷಗಳಲ್ಲಿ ಆ ತಂಗುದಾಣ ಹೈದರಾಬಾದಿಗೆ ಸರಿದು, ಎಡೆದೊರೆ ಸೀಮೆಯ ಸಮೀಪದ ವಿಮಾನ ನೆಲೆಯೆಂದರೆ ಅಲ್ಲಿನ ಬೇಗಂಪೇಟೆ ಎಂಬಂತಾಯಿತು.

ಬೇಗಂಪೇಟೆಯ ಕಥೆಯನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ರೈಲನ್ನೂ 1932ರಿಂದ ಬಸ್ಸುಗಳನ್ನೂ ನಡೆಸುತ್ತಿದ್ದ ನಿಜಾಮ್ಸ್ ಸ್ಟೇಟ್ ರೈಲ್ವೆ 1945ರಲ್ಲಿ ಟಾಟಾ ಸಂಸ್ಥೆಯೊಡನೆ ಕೂಡಿ ಡೆಕ್ಕನ್ ಏರ್‌ವೇಸ್ ಸ್ಥಾಪಿಸಿತು. ಮರುವರ್ಷ ಅದರ ಸೇವೆ ಆರಂಭವಾಯಿತು. ಎರಡನೆಯ ಮಹಾಯುದ್ಧ ಮುಗಿದು ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗುತ್ತಿದ್ದ ಕಾಲವದು; ಯುದ್ಧದಲ್ಲಿ ಹಾರಿಸಿ ಕೈ ಪಳಗಿದ ಪೈಲಟ್‌ಗಳೂ ಹೇರಳವಾಗಿದ್ದುದರಿಂದ ದೇಶದಲ್ಲಿ ಏರ್‌ಲೈನ್‌ಗಳು ಒಂದರ ಹಿಂದೊಂದು ಹುಟ್ಟಿದವು. 1947ರಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರು ಹಲವು ಏರ್‌ಲೈನ್‌ಗಳ ಬಾಗಿಲು ತಟ್ಟಿ, ಹೆಣ್ಣೆಂಬ ಕಾರಣಕ್ಕೆ ತಿರಸ್ಕೃತರಾಗಿ, ಕೊನೆಗೆ ಕೆಲಸ ಪಡೆದದ್ದು ಈ ಡೆಕ್ಕನ್ ಏರ್‌ವೇಸ್‌ನಲ್ಲಿ. 1949ರ ರಾಷ್ಟ್ರೀಯ ವಿಮಾನ ಸ್ಪರ್ಧೆಯನ್ನು ಗೆದ್ದ ಮೇಲೂ, ವಿಮಾನದ ಪೂರ್ಣ ಹೊಣೆ ಹೊರುವ ಕಮಾಂಡರ್ ಸ್ಥಾನ ಅಲ್ಲಿ ಅವರಿಗೆ ಸಿಗಲಿಲ್ಲ. ಸಹ ಪೈಲಟ್ ಆಗಿಯೇ ಉಳಿಯಲೊಪ್ಪದೆ ಅವರು ಕೈಗಾರಿಕೋದ್ಯಮಿ ಜಿ.ಡಿ. ಬಿರ್ಲಾ ಅವರ ಖಾಸಗಿ ವಿಮಾನದ ಪೈಲಟ್ ಆದರು, ಬಳಿಕ 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿದರು. ಭಾರತದಲ್ಲಿ ಏರ್‌ಲೈನ್ ಮತ್ತು ಕಾರ್ಪೊರೇಟ್ ಹಾರಾಟಗಳ ನಡುವಣ ಆಯ್ಕೆಯ ಅತ್ಯಂತ ಹಳೆಯ ಹಾಗೂ ಅತ್ಯಂತ ಸ್ಪಷ್ಟ ನಿದರ್ಶನಗಳಲ್ಲಿ ಇದೊಂದು. ಜ್ಯೇಷ್ಠತೆ ಮತ್ತು ಪೂರ್ವಗ್ರಹಗಳು ಏರ್‌ಲೈನ್‌ನಲ್ಲಿ ಮುಚ್ಚಿದ್ದ ಬಾಗಿಲನ್ನು ಒಬ್ಬನೇ ಒಡೆಯನ ಮೆಚ್ಚುಗೆ ತೆರೆಯಬಲ್ಲುದಾಗಿತ್ತು. ಆದರೆ ಆ ಮೆಚ್ಚುಗೆಯನ್ನು ಹಕ್ಕಾಗಿ ಕೇಳುವಂತಿರಲಿಲ್ಲ.

ಒಡೆಯನ ಕರೆಗೆ ಹಾರುವ ವೃತ್ತಿಗೆ ಇನ್ನೊಂದು ಮುಖವೂ ಇದೆಯೆಂಬುದನ್ನು ಹೈದರಾಬಾದ್ ಸಂಸ್ಥಾನ 1948ರಲ್ಲಿ ಕಂಡಿತು. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ಪೈಲಟ್, ಬಾಂಬರ್ ವಿಮಾನದಿಂದ ಮಾರ್ಪಡಿಸಿದ ಲಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ರಾತ್ರೋರಾತ್ರಿ ಬೀದರ್ ಮತ್ತು ವರಂಗಲ್‌ಗೆ ನಿಜಾಮರಿಗಾಗಿ ಶಸ್ತ್ರಾಸ್ತ್ರ ಸಾಗಿಸಿದನು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಅದು ಕೊನೆಗೊಂಡಿತು, ಇಂಗ್ಲೆಂಡಿನ ನ್ಯಾಯಾಲಯ ಅವನಿಗೆ ದಂಡ ವಿಧಿಸಿತು. ಒಪ್ಪಂದದ ಮೇಲೆ ಹಾರುವವನು ವಿಮಾನದಲ್ಲಿ ಏನನ್ನು ತುಂಬಲಾಗಿದೆ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

1953ರ ವಾಯು ನಿಗಮಗಳ ಕಾಯ್ದೆಯ ಪ್ರಕಾರ ಆಗಸ್ಟ್ 1ರಂದು ಡೆಕ್ಕನ್ ಏರ್‌ವೇಸ್ ಸೇರಿ ದೇಶದೊಳಗಿನ ಏರ್‌ಲೈನ್‌ಗಳು ವಿಲೀನಗೊಂಡು, 74 ಡಕೋಟಾಗಳೂ ಸೇರಿದ 99 ವಿಮಾನಗಳ ಇಂಡಿಯನ್ ಏರ್‌ಲೈನ್ಸ್ ರೂಪುಗೊಂಡಿತು. ಅಂದಿನಿಂದ ಸುಮಾರು ನಾಲ್ಕು ದಶಕಗಳ ಕಾಲ ಏರ್‌ಲೈನ್ ಪೈಲಟ್ ಎಂದರೆ ಸರ್ಕಾರಿ ನೌಕರನೇ. ಸೇರಿದ ದಿನಾಂಕದಂತೆ ಹೆಸರುಗಳನ್ನು ಜೋಡಿಸುವ ಜ್ಯೇಷ್ಠತಾ ಪಟ್ಟಿಯೇ ಅವನ ಬಡ್ತಿಯನ್ನೂ ಅವನು ಹಾರಿಸುವ ವಿಮಾನದ ಮಾದರಿಯನ್ನೂ ನಿರ್ಧರಿಸುತ್ತಿತ್ತು. ಇಂದಿಗೂ ಏರ್‌ಲೈನ್ ವೃತ್ತಿಯ ಬೆನ್ನೆಲುಬು ಅದೇ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಸೀಮೆಯ ಮಟ್ಟಿಗೆ ಇನ್ನೊಂದು ಬದಲಾವಣೆಯಾಯಿತು. ಸರ್ಕಾರಿ ವಿಮಾನ ತರಬೇತಿ ಶಾಲೆ ಇನ್ನು ಬೆಂಗಳೂರಿನ ಜಕ್ಕೂರಿನದು, ವಿಮಾನ ಹತ್ತುವ ಊರು ಮಾತ್ರ ಹಿಂದಿನಂತೆಯೇ ಹೈದರಾಬಾದು. ಕಲಿಯಲು ತೆಂಕಣಕ್ಕೂ ಪಯಣಿಸಲು ಮೂಡಣಕ್ಕೂ ಹೋಗಬೇಕಾದ ಈ ಇಬ್ಬಗೆಯ ಸ್ಥಿತಿ ಬಹುಕಾಲ ಉಳಿಯಿತು.

ಎರಡು ದಾರಿಗಳ ನಡುವಿನ ಗೆರೆ ಅಳಿಸತೊಡಗಿದ್ದು 1990ರ ದಶಕದಲ್ಲಿ. ಖಾಸಗಿ ಕಂಪನಿಗಳು ಮೊದಲು ಏರ್ ಟ್ಯಾಕ್ಸಿ ಎಂಬ ಹೆಸರಿನಲ್ಲಿ, ಅಂದರೆ ಕಾನೂನಿನ ಮಟ್ಟಿಗೆ ವೇಳಾಪಟ್ಟಿಯಿಲ್ಲದ ಬಾಡಿಗೆ ಸೇವೆಯಾಗಿ, ಪ್ರವೇಶಿಸಿದವು. 1994ರಲ್ಲಿ ವಾಯು ನಿಗಮಗಳ ಕಾಯ್ದೆ ರದ್ದಾದ ಮೇಲೆ ಅವು ಪೂರ್ಣ ಏರ್‌ಲೈನ್‌ಗಳಾದವು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಇದೇ ಕ್ರಮದಲ್ಲಿ ಮೊದಲು ಬಾಡಿಗೆ ಹೆಲಿಕಾಪ್ಟರ್‌ಗಳ ಡೆಕ್ಕನ್ ಏವಿಯೇಷನ್ ನಡೆಸಿ, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಕಾರ್ಪೊರೇಟ್ ಹಾರಾಟವನ್ನು ಏರ್‌ಲೈನ್‌ನ ಬಡ ತಮ್ಮನೆಂದು ಕಾಣುವವರು ಗಮನಿಸಬೇಕಾದ ಸಂಗತಿಯಿದು: ಕರ್ನಾಟಕದ ಸಣ್ಣ ಊರುಗಳನ್ನು ವೇಳಾಪಟ್ಟಿಗೆ ತಂದ ಅನುಭವ ಹುಟ್ಟಿದ್ದು ಬಾಡಿಗೆ ಹಾರಾಟದಲ್ಲಿಯೇ.

ಎಡೆದೊರೆಯ ನೆರೆಯಲ್ಲಿ ರನ್‌ವೇ ಕಟ್ಟಿದ್ದೂ ಕಂಪನಿಗಳೇ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ವಿಮಾನ ನಿಲ್ದಾಣ, ಕೊಪ್ಪಳ ಬಳಿಯ ಗಿಣಿಗೇರಿಯಲ್ಲಿ ಬಲ್ದೋಟ ಸಮೂಹದ ಏರ್‌ಸ್ಟ್ರಿಪ್, ಇವೆರಡೂ ಅದಿರು ಮತ್ತು ಉಕ್ಕಿನ ವ್ಯವಹಾರದ ಕೂಸುಗಳು. ಇಂಥ ನೆಲೆಗಳಿಗೆ ಹಾರುವ ಪೈಲಟ್‌ನ ಕೆಲಸ ಏರ್‌ಲೈನ್ ಪೈಲಟ್‌ನದಕ್ಕಿಂತ ಬೇರೆ. ಏರ್‌ಲೈನ್‌ನಲ್ಲಿ ಹವಾಮಾನದ ವರದಿ, ಇಂಧನದ ಲೆಕ್ಕ, ಪ್ರಯಾಣಿಕರ ಸಾಮಾನು, ಹಾರಾಟದ ಅನುಮತಿ ಎಲ್ಲಕ್ಕೂ ಪ್ರತ್ಯೇಕ ವಿಭಾಗಗಳಿದ್ದು, ರೋಸ್ಟರ್ ಎಂಬ ಕರ್ತವ್ಯ ಪಟ್ಟಿ ಮುಂಚಿತವಾಗಿಯೇ ಕೈಸೇರುತ್ತದೆ. ಕಾರ್ಪೊರೇಟ್ ಪೈಲಟ್ ಇವುಗಳಲ್ಲಿ ಹೆಚ್ಚಿನದನ್ನು ತಾನೇ ನೋಡಿಕೊಳ್ಳಬೇಕು. ಸಂಜೆ ಕರೆ ಬಂದರೆ ಬೆಳಿಗ್ಗೆ ಹೊರಡಬೇಕು, ದಿನವಿಡೀ ಒಡೆಯನ ಸಭೆ ಮುಗಿಯುವುದನ್ನು ಕಾಯಬೇಕು. ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ವಿಮಾನ ಸಂಚಾರ ನಿಯಂತ್ರಕರೂ ಮಂಜಿನಲ್ಲಿ ದಾರಿ ತೋರುವ ಉಪಕರಣಗಳೂ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಇಳಿಯುವುದೋ ಹಿಂದಿರುಗುವುದೋ ಎಂಬ ನಿರ್ಧಾರ ಅವನ ಕಣ್ಣಳತೆಯ ಮೇಲೆಯೇ ನಿಲ್ಲುತ್ತದೆ. ಕೈಚಳಕ ಬೆಳೆಯುವುದು ಇಲ್ಲಿ. ಹಾರಾಟದ ಗಂಟೆಗಳು ಬೇಗ ಕೂಡುವುದು ಏರ್‌ಲೈನ್‌ನಲ್ಲಿ. ಏರ್‌ಲೈನ್ ಕಮಾಂಡರ್ ಆಗಲು ಬೇಕಾದ ಎಟಿಪಿಎಲ್ ಎಂಬ ಉನ್ನತ ಪರವಾನಗಿಗೆ 1500 ಗಂಟೆಗಳ ಹಾರಾಟ ಕಡ್ಡಾಯವಾಗಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಕಾರ್ಪೊರೇಟ್ ಹಾರಾಟದ ನಿಜವಾದ ಕಷ್ಟ, ವಿಮಾನದೊಳಗೆ ಕುಳಿತವನೇ ಸಂಬಳ ಕೊಡುವವನೂ ಆಗಿರುವುದು. ಚುನಾವಣೆ ಬಂದಾಗ ತಾಲ್ಲೂಕು ಕೇಂದ್ರಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಗುರುತು ಬಳಿದು ಹೆಲಿಪ್ಯಾಡ್ ಸಿದ್ಧಪಡಿಸುತ್ತಾರೆ. ಸಭೆಗೆ ತಡವಾದ ನಾಯಕನಿಗೆ ಹವೆ ಸರಿಯಿಲ್ಲವೆಂದು ಹೇಳಲು ಪೈಲಟ್‌ಗೆ ವಿದ್ಯೆಯ ಜೊತೆಗೆ ಧೈರ್ಯವೂ ಬೇಕು. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟ ನಟಿ ಸೌಂದರ್ಯ ಅವರಿದ್ದ ಸಣ್ಣ ವಿಮಾನ ಜಕ್ಕೂರಿನಿಂದ ಏರಿದ ಸ್ವಲ್ಪ ಹೊತ್ತಿನಲ್ಲೇ ಬಿದ್ದು ಪೈಲಟ್ ಸಹಿತ ನಾಲ್ವರು ಸತ್ತರು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಸರ್ಕಾರಿ ಹೆಲಿಕಾಪ್ಟರ್ ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿಗೆ ಬಿದ್ದು, ಇಬ್ಬರು ಪೈಲಟ್‌ಗಳೂ ಸೇರಿ ಐವರು ಅಳಿದರು. ಇಂಥ ದುರ್ಘಟನೆಗಳಲ್ಲಿ ಪ್ರಯಾಣಿಕರ ಹೆಸರು ಊರೂರಿನಲ್ಲೂ ಉಳಿದಿದೆ, ಪೈಲಟ್‌ಗಳ ಹೆಸರು ಉಳಿದಿಲ್ಲ.

ಹಾಗೆಂದು ಏರ್‌ಲೈನ್ ಭದ್ರವಾದ ಆಸರೆಯೆನ್ನಲೂ ಆಗದು. ಏರ್ ಡೆಕ್ಕನ್ನನ್ನು ಒಳಗೊಂಡ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ, ಸಂಬಳ ಬಾಕಿಯಿದ್ದ ಪೈಲಟ್‌ಗಳು ಬೇರೆ ಕಡೆ ಸೇರಿ ಜ್ಯೇಷ್ಠತಾ ಪಟ್ಟಿಯ ಕೆಳಗಿನಿಂದ ಮತ್ತೆ ಆರಂಭಿಸಬೇಕಾಯಿತು. ಇತ್ತ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದು, ಅದಿರಿನ ಹಣದ ಮೇಲೆ ನಿಂತ ಯಾವ ಉದ್ಯೋಗವೂ ಒಂದೇ ಆದೇಶದಿಂದ ನಿಂತುಹೋಗಬಹುದೆಂಬುದನ್ನು ತೋರಿಸಿತು. ಏರ್‌ಲೈನ್ ಪೈಲಟ್‌ಗಿರುವ ಒಂದು ಗಟ್ಟಿ ಲಾಭವೆಂದರೆ ವಿಶ್ರಾಂತಿಯನ್ನು ಕಾನೂನೇ ಕಾಯುವುದು: 2024ರ ಜನವರಿಯಲ್ಲಿ ಡಿಜಿಸಿಎ ಹೊರಡಿಸಿದ ಪರಿಷ್ಕೃತ ನಿಯಮ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗಳಿಗೆ ಏರಿಸಿತು.

ದೇವದುರ್ಗ ಅಥವಾ ಮಾನ್ವಿಯ ವಿದ್ಯಾರ್ಥಿಗೆ ಆಯ್ಕೆಯ ಪ್ರಶ್ನೆ ಬರುವುದು ಇನ್ನೊಂದು ಹೊಸ್ತಿಲು ದಾಟಿದ ಮೇಲೆ. ಪ್ರಾದೇಶಿಕ ಅಸಮತೋಲನದ ಬಗೆಗಿನ 2002ರ ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಿಂದ ಚೇತರಿಸಿಕೊಂಡ ಮಾನ್ವಿಯಲ್ಲೂ ವಾಣಿಜ್ಯ ಪರವಾನಗಿಯ ಖರ್ಚನ್ನು, ಅಂದರೆ ಅರ್ಧ ಕೋಟಿಯ ಆಸುಪಾಸಿನ ಮೊತ್ತವನ್ನು, ಹೊಲ ಅಡವಿಡದೆ ಹೊಂದಿಸಬಲ್ಲ ಮನೆಗಳು ಕಡಿಮೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 200 ಗಂಟೆಗಳ ಹಾರಾಟ, ರೇಡಿಯೋದಲ್ಲಿ ತಡವರಿಸದೆ ಮಾತಾಡುವಷ್ಟು ಇಂಗ್ಲಿಷ್, ಇಷ್ಟು ಕೈಗೂಡಿದ ಮೇಲೂ ಕಾರ್ಪೊರೇಟ್ ಬಾಗಿಲು ಹೊಸಬರಿಗೆ ಸುಲಭವಾಗಿ ತೆರೆಯುವುದಿಲ್ಲ. ಬೆರಳೆಣಿಕೆಯ ಪೈಲಟ್‌ಗಳನ್ನು ಇಟ್ಟುಕೊಳ್ಳುವ ಕಂಪನಿ ಅನುಭವಿಗಳನ್ನೇ ಬಯಸುತ್ತದೆ. ಸಾಲ ಹೊತ್ತವನಿಗೆ ಮೊದಲು ಏರ್‌ಲೈನ್, ಗಂಟೆಗಳು ಕೂಡಿದ ಮೇಲೆ ಬೇಕಿದ್ದರೆ ಕಾರ್ಪೊರೇಟ್ ಎಂಬ ಕ್ರಮವೇ ಹೆಚ್ಚು ಕ್ಷೇಮವೆಂದು ತೋರುತ್ತದೆ.

2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರದ ಉಡಾನ್ ಯೋಜನೆಯಡಿ ತೋರಣಗಲ್ಲಿನ ಕಂಪನಿ ನಿಲ್ದಾಣಕ್ಕೆ ಹೈದರಾಬಾದಿನಿಂದ ವೇಳಾಪಟ್ಟಿಯ ವಿಮಾನ ಬಂತು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ತರಬೇತಿ ಶಾಲೆಗಳಿಗೆಂದು ಆರಿಸಿದ ದೇಶದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೊಡನೆ ಕಲಬುರಗಿಯೂ ಇತ್ತು. ರಾಯಚೂರು ನಗರದ ಹೊರಗೆ ಯರಮರಸ್‌ನಲ್ಲಿ ಸರ್ಕಾರಿ ವಿಮಾನ ನಿಲ್ದಾಣದ ಯೋಜನೆ ಹಲವು ವರ್ಷಗಳಿಂದ ಸಾಗುತ್ತಿದೆ. ಅದು ಪೂರ್ಣಗೊಂಡರೆ ಎಡೆದೊರೆಯ ನಡುವೆ ಸಾರ್ವಜನಿಕ ಹಣದಿಂದ ಕಟ್ಟಿದ, ವೇಳಾಪಟ್ಟಿಯ ಸೇವೆಗೂ ಬಾಡಿಗೆ ಹಾರಾಟಕ್ಕೂ ಸಮನಾಗಿ ತೆರೆದ ರನ್‌ವೇ ಇರುತ್ತದೆ.