ವಾಣಿಜ್ಯದಿಂದ ಲೋಕಸೇವೆಗೆ: ಸಂಸ್ಥೆ ಕಟ್ಟುವವರ ಧರ್ಮ

ಕೊಡಗಿನ ಉತ್ತರದ ಗಡಿಯಲ್ಲಿ, ಕಾವೇರಿಯ ದಡದಲ್ಲಿರುವ ಶಿರಂಗಾಲವು ಹಾಸನ ಜಿಲ್ಲೆಯ ಅರಕಲಗೂಡು ಸೀಮೆಯತ್ತ ಸಾಗುವ ದಾರಿಯ ಊರು. ಸಾವಿರ ವರ್ಷಗಳ ಹಿಂದೆ ಇದರ ಸುತ್ತಲಿನ ಸೀಮೆಯನ್ನು ಆಳಿದವರು ಕೊಂಗಾಳ್ವ ಅರಸರು. ಜಿನಭಕ್ತರಾದ ಈ ಮನೆತನದವರು 11ನೆಯ ಶತಮಾನದಲ್ಲಿ ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಬಸದಿಗಳನ್ನು ಕಟ್ಟಿಸಿದರು. ಅರಸುಮನೆಯ ಪೋಚಬ್ಬರಸಿಯ ಹೆಸರೂ ಗುರುಗಳಾದ ಗುಣಸೇನ ಪಂಡಿತರ ಹೆಸರೂ ಅಲ್ಲಿನ ಶಾಸನಗಳಿಂದಲೇ ನಮಗೆ ತಿಳಿದಿವೆ. ಕೊಂಗಾಳ್ವರ ರಾಜ್ಯ ಅಳಿಯಿತು. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಉಳಿದವು.

ಆ ಕಾಲದ ದಾನಶಾಸನಗಳ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರ್ಯಕ್ಕಾಗಿ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ದಾನವನ್ನು ಕೆಡಿಸಿದವನಿಗೆ ಯಾವ ಪಾಪ ಎಂಬುದನ್ನೆಲ್ಲ ಎಲ್ಲರೂ ಕಾಣುವ ಕಲ್ಲಿನ ಮೇಲೆ ಬರೆಸುತ್ತಿದ್ದರು. ದಾನಿಯ ಸದ್ಬುದ್ಧಿಯೊಂದನ್ನೇ ನಂಬಿ ಸಂಸ್ಥೆ ನಿಲ್ಲದು, ಅದಕ್ಕೆ ಲಿಖಿತವಾದ ಎಲ್ಲೆ ಬೇಕು ಎಂಬುದನ್ನು ನಮ್ಮ ಪೂರ್ವಿಕರು ಅರಿತಿದ್ದರು. ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಒಂದು ದೊಡ್ಡ ಪ್ರಯೋಗವನ್ನು ಪರಿಶೀಲಿಸುವುದು ಉಚಿತ.

ಸಂಪಾದನೆಯ ದಾರಿ

ನಂದನ್ ನಿಲೇಕಣಿಯವರು 1955ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಧಾರವಾಡದಲ್ಲಿಯೂ ವ್ಯಾಸಂಗ ಮಾಡಿ, 1978ರಲ್ಲಿ ಮುಂಬಯಿಯ ಐಐಟಿಯಿಂದ ಎಂಜಿನಿಯರಿಂಗ್ ಪದವಿ ಪಡೆದು, ಪಟ್ನಿ ಕಂಪ್ಯೂಟರ್ಸ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಎನ್. ಆರ್. ನಾರಾಯಣಮೂರ್ತಿಯವರ ಪರಿಚಯವಾಯಿತು. 1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಪುಣೆಯಲ್ಲಿ ಇನ್ಫೋಸಿಸ್ ಸ್ಥಾಪಿಸಿದಾಗ ಅವರಲ್ಲಿ ನಿಲೇಕಣಿಯವರೂ ಒಬ್ಬರು. ಶ್ರೀಮತಿ ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ 10,000 ರೂಪಾಯಿಗಳೇ ಮೊದಲ ಮೂಲಧನವೆಂಬುದು ಸರ್ವವಿದಿತ. 1983ರಲ್ಲಿ ಬೆಂಗಳೂರಿಗೆ ಬಂದ ಕಂಪನಿ 1993ರಲ್ಲಿ ಷೇರು ಮಾರುಕಟ್ಟೆಯನ್ನೂ 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯನ್ನೂ ಪ್ರವೇಶಿಸಿತು. 2002ರಿಂದ 2007ರವರೆಗೆ ನಿಲೇಕಣಿಯವರು ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದರು.

ಸಾರ್ವಜನಿಕ ಕಾರ್ಯದ ಅಭ್ಯಾಸವು ಅವರಿಗೆ ಕಂಪನಿಯಲ್ಲಿದ್ದಾಗಲೇ ಆರಂಭವಾಯಿತು. 1999ರಲ್ಲಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ರಾಜಧಾನಿಯ ಸುಧಾರಣೆಗಾಗಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಮಂಡಲಿಯನ್ನು ರಚಿಸಿ, ನಿಲೇಕಣಿಯವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಸಿಟಿಬ್ಯಾಂಕಿನ ಉನ್ನತ ಹುದ್ದೆಯನ್ನು ಬಿಟ್ಟು ಸ್ವದೇಶಕ್ಕೆ ಮರಳಿದ್ದ ರಮೇಶ್ ರಾಮನಾಥನ್ ಅವರೂ ಈ ಕಾರ್ಯದಲ್ಲಿ ಕೈಜೋಡಿಸಿದರು. ಮಹಾನಗರಪಾಲಿಕೆಯ ಲೆಕ್ಕವು ಅಲ್ಲಿಯವರೆಗೆ ಹಣ ಬಂದದ್ದು ಮತ್ತು ಹೋದದ್ದರ ಒಂಟಿ ನಮೂದಿನ ಲೆಕ್ಕವಾಗಿತ್ತು. ಇಂಥ ಪುಸ್ತಕದಲ್ಲಿ ಕೈಯಲ್ಲಿರುವ ರೊಕ್ಕ ತಿಳಿಯುತ್ತದೆ. ಆಸ್ತಿ ಎಷ್ಟು, ಸಾಲ ಎಷ್ಟು, ಬರಬೇಕಾದ ಬಾಕಿ ಎಷ್ಟು ಎಂಬುದು ತಿಳಿಯದು. ಅದರ ಬದಲಿಗೆ, ಪ್ರತಿಯೊಂದು ಜಮೆಗೂ ಒಂದು ಖರ್ಚು ಬರೆಯುವ ಜೋಡಿ ನಮೂದಿನ ನಿಧಿ ಆಧಾರಿತ ಪದ್ಧತಿಯನ್ನು ತಂದರು.

ಜನರಿಂದ ಆಯ್ಕೆಯಾಗದವರು ನಗರದ ಆಡಳಿತದಲ್ಲಿ ಕೈಯಿಡಬಹುದೇ ಎಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು. 2004ರಲ್ಲಿ ಸರ್ಕಾರ ಬದಲಾದಾಗ ಮಂಡಲಿಯೂ ಕೊನೆಗೊಂಡಿತು. ಆದರೆ ಲೆಕ್ಕದ ಪದ್ಧತಿ ಅಳಿಯಲಿಲ್ಲ. 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಮೂಲಕ ಅಂಥ ಪದ್ಧತಿ ರಾಜ್ಯದ ಇತರ ಊರುಗಳಿಗೂ ಹಬ್ಬಿತು. ವ್ಯಕ್ತಿಗಳ ಪ್ರಭಾವದಿಂದ ನಿಂತದ್ದು ಆ ವ್ಯಕ್ತಿಗಳೊಡನೆ ಹೋಯಿತು. ನಿಯಮವಾಗಿ ಬರೆದದ್ದು ಉಳಿಯಿತು.

ಕಾಯಿದೆಯಿಲ್ಲದ ಪ್ರಾಧಿಕಾರ

2009ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಒಂದು ಅಧಿಸೂಚನೆಯ ಮೂಲಕ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವನ್ನು ಸ್ಥಾಪಿಸಿತು. ಜುಲೈ ತಿಂಗಳಲ್ಲಿ ನಿಲೇಕಣಿಯವರು ಇನ್ಫೋಸಿಸ್ಸಿನ ಹುದ್ದೆಯನ್ನು ತ್ಯಜಿಸಿ, ಸಂಪುಟ ದರ್ಜೆಯ ಸ್ಥಾನಮಾನದೊಡನೆ ಅದರ ಮೊದಲ ಅಧ್ಯಕ್ಷರಾದರು. ಐಎಎಸ್ ಅಧಿಕಾರಿ ರಾಮ್ ಸೇವಕ್ ಶರ್ಮಾ ಅವರು ಮಹಾನಿರ್ದೇಶಕರಾದರು. ಸರ್ಕಾರಿ ಸೇವೆಯವರೂ ಖಾಸಗಿ ಕಂಪನಿಗಳಿಂದ ಬಂದ ತರುಣರೂ ಒಂದೇ ಮೇಜಿನ ಸುತ್ತ ಕುಳಿತು ದುಡಿದದ್ದು ಈ ಸಂಸ್ಥೆಯ ವಿಶೇಷ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ 12 ಅಂಕಿಗಳ ಆಧಾರ್ ಸಂಖ್ಯೆಯನ್ನು ನೀಡಲಾಯಿತು. 2014ರ ಆರಂಭದ ವೇಳೆಗೆ ಸುಮಾರು 60 ಕೋಟಿ ಜನರಿಗೆ ಸಂಖ್ಯೆ ದೊರೆತಿತ್ತು.

ಇದರ ಉದ್ದೇಶವನ್ನು ಲಘುವಾಗಿ ಕಾಣಬಾರದು. ಊರಿಂದೂರಿಗೆ ಕೂಲಿಗೆ ಹೋಗುವವನಿಗೆ, ಜನನಪತ್ರವಿಲ್ಲದ ಮುದುಕಿಗೆ ತಾನು ಇಂಥವಳೆಂದು ತೋರಿಸಲು ಕಾಗದವೇ ಇರಲಿಲ್ಲ. ಕಾಗದವಿಲ್ಲದವರಿಗೆ ಬ್ಯಾಂಕಿನ ಖಾತೆಯಿಲ್ಲ, ಪಿಂಚಣಿಯಿಲ್ಲ. ಅವರ ಹೆಸರಿನ ಅಕ್ಕಿಯನ್ನು ಮತ್ತೊಬ್ಬರು ಎತ್ತಿಕೊಂಡು ಹೋದರೆ ಕೇಳುವ ದಾರಿಯಿಲ್ಲ. ಇಂಥವರಿಗೆ ಗುರುತು ಕೊಡುವುದು ಆಹಾರದಾನಕ್ಕೂ ಅಭಯದಾನಕ್ಕೂ ಸಮೀಪದ ಕಾರ್ಯವೇ.

ಆದರೆ ಕಲ್ಲಿನ ಮೇಲೆ ಬರೆಯಬೇಕಾದ ಎಲ್ಲೆಯನ್ನು ಇಲ್ಲಿ ಮೊದಲು ಬರೆದಿರಲಿಲ್ಲ. ಪ್ರಜೆಯ ಹತ್ತು ಬೆರಳುಗಳ ಅಚ್ಚು, ಕಣ್ಣಿನ ಪಾಪೆಯ ಚಿತ್ರ ಸಂಗ್ರಹವಾಗತೊಡಗಿದಾಗ ಅದಕ್ಕೆ ಸಂಸತ್ತಿನ ಕಾಯಿದೆಯೇ ಇರಲಿಲ್ಲ. 2010ರಲ್ಲಿ ಮಂಡಿಸಿದ ವಿಧೇಯಕವನ್ನು ಯಶವಂತ ಸಿನ್ಹಾ ಅವರ ಅಧ್ಯಕ್ಷತೆಯ ಸಂಸತ್ತಿನ ಸ್ಥಾಯಿ ಸಮಿತಿಯು 2011ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ಕಾರ್ಯ ಮಾತ್ರ ನಿಲ್ಲಲಿಲ್ಲ. ಕಾಯಿದೆ ಬಂದದ್ದು 2016ರಲ್ಲಿ, ಸಂಸ್ಥೆ ಹುಟ್ಟಿದ ಏಳು ವರ್ಷಗಳ ನಂತರ.

ಮತ್ತೊಬ್ಬ ಕನ್ನಡಿಗರ ಪ್ರಶ್ನೆ

ಈ ಕೊರತೆಯನ್ನು ನ್ಯಾಯಾಲಯದ ಮುಂದೆ ತಂದವರಲ್ಲಿ ಪ್ರಮುಖರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಜನಿಸಿದ ಅವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದಾಗ ವಯಸ್ಸು 86. ಶಾಸನಸಭೆಯ ಅಪ್ಪಣೆಯಿಲ್ಲದೆ ಪ್ರಜೆಯ ದೇಹದ ಗುರುತುಗಳನ್ನು ಪಡೆಯುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆಯ ತಿರುಳು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದೇ ದಿನ ನಿಲೇಕಣಿಯವರು ಅಧ್ಯಕ್ಷರಾಗಿ ಇನ್ಫೋಸಿಸ್ಸಿಗೆ ಮರಳಿದ್ದು ಇತಿಹಾಸದ ಆಕಸ್ಮಿಕ.

2018ರ ಸೆಪ್ಟೆಂಬರ್ 26ರಂದು ಐವರ ಪೀಠವು ನಾಲ್ಕಕ್ಕೆ ಒಂದರ ಬಹುಮತದಿಂದ ಆಧಾರ್ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಜೊತೆಗೆ ಅದರ ಎಲ್ಲೆಯನ್ನೂ ಕಡಿಮೆ ಮಾಡಿತು. ಬ್ಯಾಂಕಿನ ಖಾತೆಗೂ ಮೊಬೈಲಿಗೂ ಜೋಡಿಸಲೇಬೇಕೆಂಬ ಕಡ್ಡಾಯ ಹೋಯಿತು. ಖಾಸಗಿ ಕಂಪನಿಗಳು ಅದನ್ನು ಕೇಳುವ ಅಧಿಕಾರವೂ ಹೋಯಿತು. 2019ರ ತಿದ್ದುಪಡಿಯು ಸ್ವ ಇಚ್ಛೆಯ ಬಳಕೆಗೆ ದಾರಿ ಮಾಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ನಿಧನರಾದರು. ಕಟ್ಟಿದವರಂತೆಯೇ ಎಲ್ಲೆಯನ್ನು ಕೇಳಿದವರೂ ಸಂಸ್ಥೆಗೆ ಉಪಕಾರಿಗಳು. ಅನೇಕಾಂತ ದೃಷ್ಟಿಯುಳ್ಳವರಿಗೆ ಇದನ್ನು ಒಪ್ಪುವುದು ಕಷ್ಟವಲ್ಲ.

ಅಂಗಡಿಯ ನೀತಿ, ಅರಸನ ನೀತಿ

ವ್ಯಾಪಾರದಲ್ಲಿ ಪಳಗಿದವರು ಲೋಕಸೇವೆಗೆ ತರುವ ಗುಣಗಳು ಅನೇಕ: ಕಾಲದ ಬೆಲೆ ತಿಳಿದಿರುವುದು, ಲೆಕ್ಕದ ಶಿಸ್ತು, ಫಲವನ್ನು ಅಳೆಯುವ ಅಭ್ಯಾಸ. ಆದರೆ ಒಂದು ವ್ಯತ್ಯಾಸವನ್ನು ಅವರು ಮರೆಯುವಂತಿಲ್ಲ. ಅಂಗಡಿಯಲ್ಲಿ ಸರಕು ಸರಿಯಿಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸರ್ಕಾರದ ಬಾಗಿಲಲ್ಲಿ ನಿಂತ ಪ್ರಜೆಗೆ ಪಕ್ಕದ ಬಾಗಿಲಿಲ್ಲ. ಕಂಪನಿಯಲ್ಲಿ ನೂರಕ್ಕೆ ಒಂದು ತಪ್ಪಾದರೆ ಅದು ಶ್ಲಾಘನೀಯ ಸಾಧನೆ. 100 ಕೋಟಿ ಜನರಲ್ಲಿ ನೂರಕ್ಕೆ ಒಂದೆಂದರೆ 1 ಕೋಟಿ ಜನ. ಮಣ್ಣು, ಕಲ್ಲು, ತೋಟದ ಕೆಲಸದಲ್ಲಿ ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸದಿದ್ದರೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಬೇಕಾದವರು ಅವರೇ. ಯಂತ್ರವು ಗುರುತಿಸಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದು ಸರ್ವೋಚ್ಚ ನ್ಯಾಯಾಲಯವೂ ಹೇಳಬೇಕಾಯಿತು. ಅಹಿಂಸೆಯೆಂಬುದು ಕೈಯಿಂದ ಹೊಡೆಯದಿರುವುದಷ್ಟೇ ಅಲ್ಲ. ತಾನು ಕಟ್ಟಿದ ವ್ಯವಸ್ಥೆಯಿಂದ ಕಣ್ಣಿಗೆ ಕಾಣದವನಿಗೆ ನೋವಾಗುತ್ತಿದೆಯೇ ಎಂದು ವಿಚಾರಿಸುವ ಹೊಣೆಯೂ ಅದರಲ್ಲಿ ಸೇರಿದೆ. ಪ್ರಮಾದದಿಂದಾದ ಹಿಂಸೆಯೂ ಹಿಂಸೆಯೇ.

ಪರಿಗ್ರಹದ ವಿಷಯದಲ್ಲಿಯೂ ವಿಚಾರ ಮಾಡಬೇಕು. 2014ರಲ್ಲಿ ನಿಲೇಕಣಿಯವರು ಪ್ರಾಧಿಕಾರವನ್ನು ಬಿಟ್ಟು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ, ಅನಂತಕುಮಾರ್ ಅವರೆದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಆಗ ಸಲ್ಲಿಸಿದ ಪ್ರಮಾಣಪತ್ರದಲ್ಲಿ ದಂಪತಿಗಳ ಆಸ್ತಿ ಸುಮಾರು 7,700 ಕೋಟಿ ರೂಪಾಯಿಗಳೆಂದು ಘೋಷಿಸಿದ್ದರು. ಸೋಲಿನ ನಂತರವೂ ಅವರು ಲೋಕಕಾರ್ಯವನ್ನು ಬಿಡಲಿಲ್ಲ. ಮಕ್ಕಳ ಕಲಿಕೆಗಾಗಿ ಏಕ್‌ಸ್ಟೆಪ್ ಸಂಸ್ಥೆಯನ್ನು ಕಟ್ಟಿದರು. 2017ರಲ್ಲಿ ದಂಪತಿಗಳು ಸಂಪತ್ತಿನ ಅರ್ಧವನ್ನು ಲೋಕಹಿತಕ್ಕೆ ಮೀಸಲಿಡುವ ಸಂಕಲ್ಪಕ್ಕೆ ಸಹಿ ಹಾಕಿದರು. 2023ರಲ್ಲಿ ತಾವು ಓದಿದ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಗೃಹಸ್ಥನಾದ ಶ್ರಾವಕನಿಗೆ ವಿಧಿಸಿರುವುದು ಸರ್ವತ್ಯಾಗವಲ್ಲ, ಪರಿಗ್ರಹದ ಪರಿಮಾಣ. ಪರಿಮಾಣಕ್ಕೆ ಮೊದಲ ಹೆಜ್ಜೆ ತನ್ನಲ್ಲಿರುವುದನ್ನು ಮರೆಮಾಚದೆ ಎಣಿಸಿ ಹೇಳುವುದು.

ನಮ್ಮ ಟ್ರಸ್ಟುಗಳಿಗೆ ಪಾಠ

ವ್ಯಾಪಾರದಿಂದಲೋ ನೌಕರಿಯಿಂದಲೋ ನಿವೃತ್ತರಾದ ಅನೇಕ ಶ್ರಾವಕರು ಬಸದಿ, ವಿದ್ಯಾರ್ಥಿನಿಲಯ, ಔಷಧಾಲಯಗಳ ಆಡಳಿತಕ್ಕೆ ಬರುತ್ತಾರೆ. ಅವರ ಶ್ರದ್ಧೆ ದೊಡ್ಡದು. ಆದರೂ ಕೆಲವು ಪ್ರಶ್ನೆಗಳನ್ನು ಪ್ರತಿ ಟ್ರಸ್ಟೂ ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕು. ನಿಬಂಧನೆಗಳು ಲಿಖಿತವಾಗಿವೆಯೇ, ಅಥವಾ ಅಧ್ಯಕ್ಷರ ನೆನಪಿನಲ್ಲಿ ಮಾತ್ರ ಇವೆಯೇ? ಲೆಕ್ಕಪರಿಶೋಧನೆಯಾದ ವರದಿಯನ್ನು ಸಾಮಾನ್ಯ ಸದಸ್ಯನೂ ನೋಡಬಹುದೇ? ಟ್ರಸ್ಟಿಯ ಸ್ವಂತ ಅಂಗಡಿಯಿಂದ ಸರಕು ಕೊಂಡಾಗ ಅದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆಯೇ? ಸಹಾಯ ಸಿಗದ ಬಡ ವಿದ್ಯಾರ್ಥಿ ಯಾರಲ್ಲಿ ದೂರು ಹೇಳಬೇಕು? ಮುಂದಿನ ತಲೆಮಾರಿನವರಿಗೆ ಈಗಲೇ ಕೆಲಸ ಕಲಿಸಲಾಗುತ್ತಿದೆಯೇ? ಪ್ರಶ್ನೆ ಕೇಳಿದವನನ್ನು ವಿರೋಧಿಯೆಂದು ದೂರವಿಡದೆ ಕುಳ್ಳಿರಿಸಿ ಉತ್ತರ ಹೇಳುವ ಸಹನೆ ಇದೆಯೇ?

ಹುದ್ದೆಯನ್ನು ಬಿಟ್ಟು ಬರುವುದು ತ್ಯಾಗದ ಅರ್ಧಭಾಗ ಮಾತ್ರ. ತಾನು ಕಟ್ಟಿದ ಸಂಸ್ಥೆ ತನ್ನ ಮಾತಿಗಿಂತ ನಿಯಮಕ್ಕೆ ಹೆಚ್ಚು ಬೆಲೆ ಕೊಡುವಂತೆ ಮಾಡುವುದು ಉಳಿದರ್ಧ. ಈ ಭಾಗವೇ ಹೆಚ್ಚು ಕಠಿಣ, ಏಕೆಂದರೆ ಅಲ್ಲಿ ಬಿಡಬೇಕಾದದ್ದು ಧನವಲ್ಲ, ಮಾನಕಷಾಯ. ಆ ತ್ಯಾಗಕ್ಕೆ ಸಿದ್ಧರಾದವರು ಎಷ್ಟು ಮಂದಿ ದೊರೆಯುತ್ತಾರೋ, ನಮ್ಮ ಸಮಾಜದ ಸಂಸ್ಥೆಗಳ ಆಯುಷ್ಯವೂ ಅಷ್ಟಿರುತ್ತದೆ.