ಅನ್ನ ಎಲ್ಲಿಂದ ಬಂತು?

ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಪ್ಪಾ, ಅಕ್ಕಿ ಮಣ್ಣಿಂದ ಆಗೋದಾ?" ಹೂಂ ಅಂದುಬಿಟ್ಟೆ. ಆಮೇಲೆ ವಾನ್ ಹೆಲ್ಮಾಂಟ್ ನೆನಪಾದ.

17ನೇ ಶತಮಾನದ ಈ ಫ್ಲೆಮಿಷ್ ವೈದ್ಯ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ಆಯ್ತು. ಮಣ್ಣು ಕಮ್ಮಿಯಾದದ್ದು ಸುಮಾರು ಎರಡು ಔನ್ಸ್ ಅಷ್ಟೇ! ಮರವೆಲ್ಲ ನೀರೇ ಅಂದ. ತಮಾಷೆ ನೋಡಿ, 'ಗ್ಯಾಸ್' ಅನ್ನೋ ಪದ ಹುಟ್ಟಿಸಿದವನೇ ಗಾಳಿಯನ್ನು ಮರೆತಿದ್ದ. ಇಂಗಾಲದ ಡೈಆಕ್ಸೈಡ್, ನೀರು ಎರಡೂ ಗಿಡದ ತೂಕ ಸೇರುತ್ತವೆ ಅಂತ ಡಿ ಸೊಸ್ಯೂರ್ ತೋರಿಸಿದ್ದು 1804ರಲ್ಲಿ. ಬಿಸಿಲಲ್ಲಿ ಎಲೆಯೊಳಗೇ ಪಿಷ್ಟ ಹುಟ್ಟುತ್ತೆ ಅಂತ ಯೂಲಿಯಸ್ ಸಾಕ್ಸ್ ಅಯೋಡಿನ್ ಹಾಕಿ ತೋರಿಸಿದ್ದು 1860ರ ದಶಕದಲ್ಲಿ.

ತಟ್ಟೆಯಲ್ಲಿರೋ ಕಾರ್ಬೋಹೈಡ್ರೇಟು ಗಾಳಿ-ನೀರಿನದು, ಮಣ್ಣಿನದಲ್ಲ. ಮಗಳ ಮುಂದೆ ತಪ್ಪೊಪ್ಪಿಕೊಂಡೆ.

"ಮತ್ತೆ ಗೊಬ್ಬರ ಯಾಕೆ?"

ಆ ಎರಡು ಔನ್ಸಿಗೆ ಪುಟ್ಟಿ!