ಗುಳ್ಳೆಯ ಸಾಕ್ಷ್ಯ

ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಯಲ್ಲಿ ತುರುಗಳಿಗಾಗಿ ಪ್ರಾಣವನ್ನೊಪ್ಪಿಸಿದವರ ವೀರಗಲ್ಲುಗಳು ನಿಂತಿರುವಾಗ, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೆಂಬ ದನಗಳ ಇಲಾಖೆಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲೆನಿಸಿ ಅದರ ಕಾವಲುಗಳು ಹಬ್ಬನಘಟ್ಟದವರೆಗೂ ಹರಡಿದ್ದಾಗ, ದನದ ಬೇನೆಯು ಇಲ್ಲಿ ಮನೆಯ ಬೇನೆಯೇ ಆಗಿದ್ದುದು ಸಹಜ. ಎತ್ತು ಮೇವಿಗೆ ಮುಖ ತಿರುಹಿ, ಎಳೆಎಳೆಯಾಗಿ ಜೊಲ್ಲು ಸುರಿಸುತ್ತ, ಗೊರಸಿನ ಸಂದು ನೊಂದು ಒಂದೊಂದೇ ಕಾಲನ್ನೆತ್ತಿ ಒದರತೊಡಗಿದರೆ, ಒಕ್ಕಲಿಗನು ದವಡೆ ಬಿಡಿಸಿ ನಾಲಗೆಯನ್ನು ಹೊರಗೆಳೆಯುವನು. ಗುಳ್ಳೆಯೊಡೆದು ತೊಗಲು ಸುಲಿದು ಕೆಂಪಗಾಗಿದ್ದರೆ ಕಾಲುಬಾಯಿ ಜ್ವರವೆನ್ನಲು ಬೇರೆ ಪಂಡಿತನು ಬೇಡ.

ಪಂಡಿತರೂ ಮೊದಲು ನೋಡಿದ್ದು ಅಲ್ಲಿಯೇ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಎಂಬವರು ಗುಳ್ಳೆಯ ರಸವನ್ನು ಬ್ಯಾಕ್ಟೀರಿಯವನ್ನು ತಡೆವ ಜರಡಿಯಲ್ಲಿ ಸೋಸಿ, ಸೋಸಿದ ರಸವೂ ಕರುಗಳಿಗೆ ಬೇನೆ ತರುವುದೆಂದು ತೋರಿಸಿದರು. ಇಂದಿಗೂ ಪಶುವೈದ್ಯನು ಆಗತಾನೆ ಒಡೆದ ಗುಳ್ಳೆಯ ತೊಗಲನ್ನು ಒಂದು ಗ್ರಾಮಿನಷ್ಟು ಕತ್ತರಿಸಿ, ಗ್ಲಿಸರಿನ್ನೂ ಫಾಸ್ಫೇಟ್ ದ್ರಾವಣವೂ ಸಮವಾಗಿ ಬೆರೆತ ಸೀಸೆಯಲ್ಲಿ ತಣ್ಣಗೆ ಕಳುಹುವನು. ಜರಡಿಯನ್ನು ದಾಟಿದ ಈ ವೈರಸ್ಸಿಗೆ ಹುಳಿಯೇ ಮೃತ್ಯುವಾದುದರಿಂದ ದ್ರಾವಣವು ಹುಳಿಯಾಗದಂತೆ ಕಾಯಬೇಕು. ಹುಣ್ಣು ಮಾಯ್ದ ಹಸುವಿನ ಗಂಟಲಲ್ಲಿಯೂ ಅದು ಅಡಗಿರಬಲ್ಲುದೆಂದು 1959ರಲ್ಲಿ ಡಚ್ಚರು ಕಂಡುಕೊಂಡ ಮೇಲೆ, ಉದ್ದ ಸರಿಗೆಯ ತುದಿಯ ಪುಟ್ಟ ಬಟ್ಟಲನ್ನು ಗಂಟಲಿಗಿಳಿಸಿ ಲೋಳೆಯನ್ನು ಕೆರೆದು ತೆಗೆವ ಕ್ರಮವೂ ರೂಢಿಗೆ ಬಂದಿತು.

ಮಕ್ಕಳ ಕೈ-ಕಾಲು-ಬಾಯಿ ರೋಗದ ಸಂಗತಿ ಬೇರೆ. ಹೆಸರು ಕೇಳಿ, ಕೊಟ್ಟಿಗೆಯ ಬೇನೆ ತೊಟ್ಟಿಲಿಗೆ ಬಂದಿತೆಂದು ಹೆದರುವುದು ವ್ಯರ್ಥ. ವೈರಸ್ಸುಗಳ ಕುಲವೊಂದೇ ಆದರೂ ಗೋತ್ರ ಬೇರೆ. ಮಕ್ಕಳ ರೋಗವನ್ನು ತರುವ ಕಾಕ್ಸ್‌ಯಾಕಿ ಬಳಗವು ಬೆಳಕಿಗೆ ಬಂದುದು ಗುಳ್ಳೆಯಿಂದಲ್ಲ, ಮಲದಿಂದ: 1948ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕಾಕ್ಸ್‌ಯಾಕಿ ಊರಿನ ಇಬ್ಬರು ಹುಡುಗರ ಮಲದಲ್ಲಿ ಡಾಲ್ಡಾರ್ಫ್ ಮತ್ತು ಸಿಕಲ್ಸ್ ಅದನ್ನು ಕಂಡರು. ಜಠರದ ಹುಳಿಗೆ ಜಗ್ಗದ ಈ ಬಳಗವು ಕರುಳನ್ನು ಸೇರಿ, ಕಾಯಿಲೆ ಕಳೆದ ಮೇಲೂ ವಾರಗಟ್ಟಲೆ ಮಲದಲ್ಲಿ ಹೊರಬೀಳುತ್ತಿರುವುದು. ಮಾದರಿ ಸುಲಭವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ಯೋಚಿಸಬೇಕಾದುದೂ ಇದನ್ನೇ: ಅಲ್ಲಿ ಸಿಕ್ಕ ವೈರಸ್ಸು ಇಂದಿನ ಗುಳ್ಳೆಯದೋ, ಹಿಂದಿನ ತಿಂಗಳ ಉಳಿಕೆಯೋ? ಅಂಗೈಯ ಗುಳ್ಳೆಯ ರಸಕ್ಕೆ ಆ ಸಂಶಯವಿಲ್ಲ; ಆದರೆ ಗುಳ್ಳೆ ಬೇಗ ಒಣಗುವುದು, ಕೆಲವು ಮಕ್ಕಳಲ್ಲಿ ಏಳುವುದೇ ಇಲ್ಲ. ಆದಕಾರಣ ಬಲ್ಲವರು ಗಂಟಲ ದ್ರವವನ್ನು ತಪ್ಪದೆ ತೆಗೆದು, ಜೊತೆಗೆ ಗುಳ್ಳೆಯಿದ್ದರೆ ಅದರ ರಸವನ್ನೂ ಇಲ್ಲದಿದ್ದರೆ ಮಲವನ್ನೂ ಇಡುವರು. ಬಹುಪಾಲು ಮಕ್ಕಳು ವಾರ ಹತ್ತು ದಿನಗಳಲ್ಲಿ ಚೇತರಿಸಿಕೊಳ್ಳುವುದರಿಂದ, ಪ್ರಯೋಗಶಾಲೆಯ ಕಾಗದ ಊರು ಮುಟ್ಟುವ ಹೊತ್ತಿಗೆ ಮಗುವು ಬೀದಿಯಲ್ಲಿ ಗೋಲಿಯಾಡುತ್ತಿರುವುದು.